ಗಾಳಿಗೆ ಎದುರಾಗಿ ಹೊಡೆಯುವಾಗ ಕೈ ಸ್ವಲ್ಪ ಹಗುರ ಇರಲಿ

ಆಷಾಢ ಬಂತು ಅಂದರೆ ಬೆಂಗಳೂರಿನ ಗಾಲ್ಫ್ ಮೈದಾನಗಳಲ್ಲಿ ಗೊಣಗಾಟ ಶುರು. ಮೊನ್ನೆಯವರೆಗೆ ಏಳನೇ ನಂಬರಿನ ಕ್ಲಬ್ (ಹೊಡೆಯುವ ಕೋಲು), ಅಂದರೆ ಸೆವೆನ್ ಐರನ್‌ನಲ್ಲಿ ಆರಾಮಾಗಿ ಗ್ರೀನ್ (ಗುಳಿ ಇರುವ ನುಣುಪು ಹುಲ್ಲಿನ ಜಾಗ) ಮುಟ್ಟಿಸುತ್ತಿದ್ದವರ ಚೆಂಡು ಈಗ ಅರ್ಧ ದಾರಿಯಲ್ಲೇ ಮೇಲಕ್ಕೆದ್ದು, ಪಡುವಣ ಗಾಳಿಗೆ ಸಿಕ್ಕಿ, ಗ್ರೀನ್ ಎದುರಿನ ಮರಳುಗುಂಡಿ, ಅಂದರೆ ಬಂಕರ್‌ನಲ್ಲಿ ಬೀಳುತ್ತದೆ. ಆಮೇಲೆ ಏನು ಮಾಡುತ್ತೇವೆ? ಮುಂದಿನ ಹೊಡೆತಕ್ಕೆ ಹಲ್ಲು ಕಚ್ಚಿ ಬೀಸುತ್ತೇವೆ. ಚೆಂಡು ಇನ್ನೂ ಮೇಲೆ ಹೋಗುತ್ತದೆ, ಇನ್ನೂ ಹತ್ತಿರ ಬೀಳುತ್ತದೆ.

ಯಾಕೆ ಅಂತ ಗೊತ್ತಾದರೆ ಉಳಿದದ್ದು ಸುಲಭ. ಐರನ್‌ನಲ್ಲಿ ಹೊಡೆದ ಚೆಂಡು ಮುಂದಕ್ಕೆ ಹಾರುತ್ತಲೇ ಹಿಂದಕ್ಕೆ ಸುತ್ತುತ್ತಿರುತ್ತದೆ. ಈ ಬ್ಯಾಕ್‌ಸ್ಪಿನ್ನೇ ಅದನ್ನು ಮೇಲೆ ಎತ್ತಿ ಹಿಡಿಯುವುದು. ಜೋರಾಗಿ ಹೊಡೆದಷ್ಟೂ ಸ್ಪಿನ್ ಜಾಸ್ತಿ. ಎದುರುಗಾಳಿಯೂ ಸೇರಿದರೆ ಚೆಂಡು ಗಾಳಿಪಟದ ಹಾಗೆ ಏರುತ್ತದೆ. ಮೇಲೆ ಹೋದಷ್ಟೂ ಗಾಳಿ ಬಿರುಸು. ನೀವು ಹಾಕಿದ ಬಲವೆಲ್ಲ ಏರುವುದಕ್ಕೇ ಮುಗಿದುಹೋಯಿತು, ಅಲ್ವಾ?

ಹಾಗಾಗಿ ಕ್ಲಬ್ ತೆಗೆಯುವ ಮೊದಲು ಗಾಳಿ ನೋಡಿ. ಚಿಟಿಕೆ ಹುಲ್ಲು ಕಿತ್ತು ಎದೆಮಟ್ಟದಿಂದ ಬಿಡಿ. ಕಣದಲ್ಲಿ ರಾಗಿ ತೂರುವವರು ಗಾಳಿ ಎತ್ತ ಇದೆ ಅಂತ ಮೊದಲು ನೋಡಿಕೊಳ್ಳುವ ಹಾಗೆ. ಆದರೆ ಹುಲ್ಲು ಹೇಳುವುದು ನೀವು ನಿಂತ ಜಾಗದ ಗಾಳಿಯನ್ನು ಮಾತ್ರ. ಚೆಂಡು ಹಾರುವುದು ಮರದ ತುದಿಯ ಎತ್ತರದಲ್ಲಿ. ಸಿಲ್ವರ್ ಓಕ್ ಸಾಲಿನ ಮರೆಯಲ್ಲಿ ನಿಂತಾಗ ಗಾಳಿಯೇ ಇಲ್ಲ ಅನ್ನಿಸಬಹುದು, ನಂಬಬೇಡಿ. ಮರದ ತುದಿ ನೋಡಿ, ಗ್ರೀನ್ ಮೇಲಿನ ಬಾವುಟ ನೋಡಿ. ಕ್ಯಾಡಿ (ಕ್ಲಬ್ ಚೀಲ ಹೊತ್ತು ಜೊತೆ ಬರುವವರು) ಇದ್ದರೆ ಕೇಳಿ. ಅವರು ಹೇಳಿದ ಕ್ಲಬ್ ಬಿಟ್ಟು ಬೇರೆಯದು ತೆಗೆದಾಗೆಲ್ಲ ನಾನು ಪಶ್ಚಾತ್ತಾಪ ಪಟ್ಟಿದ್ದೇ ಹೆಚ್ಚು.

ಇನ್ನು ಲೆಕ್ಕ. ಗಂಟೆಗೆ 16 ಕಿ.ಮೀ. ಎದುರುಗಾಳಿ ಇದ್ದರೆ ದೂರಕ್ಕೆ ಸುಮಾರು ಶೇ 10 ಸೇರಿಸಿಕೊಳ್ಳಿ. 150 ಗಜ ಇದ್ದರೆ 165 ಗಜ ಅಂದುಕೊಂಡು ಆಡಿ. ಅಂದರೆ ಸೆವೆನ್ ಬದಲು ಸಿಕ್ಸ್ ಐರನ್ (ನಂಬರ್ ಇಳಿದಷ್ಟೂ ಕ್ಲಬ್ ದೊಡ್ಡದು, ಚೆಂಡು ದೂರ). ತಗ್ಗಾಗಿ, ಮೆಲ್ಲಗೆ ಆಡುವುದಾದರೆ ಫೈವ್. ಕೆಲವರಿಗೆ ದೊಡ್ಡ ಕ್ಲಬ್ ತೆಗೆಯುವುದು ಅವಮಾನ. ಅಂಥವರು ಸ್ಕಾಟ್ಲೆಂಡಿನ ರಾಯಲ್ ಟ್ರೂನ್ ಮೈದಾನದ 8ನೇ ಹೋಲ್ ಕಥೆ ಕೇಳಬೇಕು. ಸಮುದ್ರದ ಗಾಳಿಗೆ ಮೈಯೊಡ್ಡಿದ ಈ ಹೋಲ್‌ನ ಹೆಸರು 'ಪೋಸ್ಟೇಜ್ ಸ್ಟ್ಯಾಂಪ್', ಗ್ರೀನ್ ಅಷ್ಟು ಚಿಕ್ಕದು. ಉದ್ದ ಬರೀ 125 ಗಜದ ಆಸುಪಾಸು. 1973ರ ಬ್ರಿಟಿಷ್ ಓಪನ್‌ನಲ್ಲಿ ಅಮೆರಿಕದ ಹಳೆಯ ಚಾಂಪಿಯನ್ ಜೀನ್ ಸರಾಜೆನ್ ಇಲ್ಲಿ ಫೈವ್ ಐರನ್ ತೆಗೆದುಕೊಂಡರು. ಚೆಂಡು ಒಂದೇ ಹೊಡೆತಕ್ಕೆ ಗುಳಿಗೆ ಬಿತ್ತು. ಆಗ ಅವರಿಗೆ 71 ವರ್ಷ. ವಯಸ್ಸಿಗೂ ಸ್ವಲ್ಪ ದೊಡ್ಡ ಕ್ಲಬ್ ಬೇಕಿತ್ತು ಅನ್ನಿ, ಆದರೂ.

ಈಗ ಹೊಡೆತ. ಕ್ಲಬ್ಬನ್ನು ಒಂದಿಂಚು ಕೆಳಗೆ ಹಿಡಿಯಿರಿ. ಚೆಂಡು ಎಂದಿನ ಜಾಗಕ್ಕಿಂತ ಒಂದು ಚೆಂಡಿನಷ್ಟು ಹಿಂದೆ, ಅಂದರೆ ಬಲಗೈ ಆಟಗಾರರಿಗೆ ಬಲಗಾಲಿನ ಕಡೆಗೆ ಇರಲಿ. ಮೈಭಾರ ಎಡಗಾಲಿನ ಮೇಲೆ ತುಸು ಜಾಸ್ತಿ. ಬೀಸುವಾಗ ಮುಕ್ಕಾಲು ಭಾಗ ಮಾತ್ರ ಹಿಂದಕ್ಕೆ ಒಯ್ಯಿರಿ. ಚೆಂಡಿಗೆ ತಾಗುವಾಗ ಕೈಗಳು ಕ್ಲಬ್ಬಿನ ತಲೆಗಿಂತ ಮುಂದಿರಬೇಕು. ಹೊಡೆದ ಮೇಲೆ ಕೈ ಎದೆಮಟ್ಟದಲ್ಲೇ ನಿಲ್ಲಲಿ. ತಗ್ಗಾಗಿ ಹೋಗಲಿ ಅಂತ ಚೆಂಡನ್ನು ಸೌದೆ ಕಡಿದ ಹಾಗೆ ಮೇಲಿಂದ ಕುಕ್ಕಬೇಡಿ. ಸ್ಪಿನ್ ಹೆಚ್ಚಾಗಿ ಮತ್ತೆ ಅದೇ ಗಾಳಿಪಟ. ಇದನ್ನು ಮೊದಲು ಅಭ್ಯಾಸದ ಮೈದಾನ, ಅಂದರೆ ಡ್ರೈವಿಂಗ್ ರೇಂಜ್‌ನಲ್ಲಿ ಒಂದು ಬುಟ್ಟಿ ಚೆಂಡು ಹೊಡೆದು ಕಲಿಯಿರಿ. ಮೊದಲ ಹತ್ತು ಚೆಂಡು ನೆಲ ಸವರಿಕೊಂಡು ಹೋದರೂ ಪರವಾಗಿಲ್ಲ.

ಹಿಂದಿನಿಂದ ಗಾಳಿ ಬೀಸಿದರೆ ಖುಷಿಪಡುವಷ್ಟೇನೂ ಇಲ್ಲ. ಎದುರುಗಾಳಿ ಕಿತ್ತುಕೊಳ್ಳುವುದರಲ್ಲಿ ಅರ್ಧದಷ್ಟನ್ನು ಮಾತ್ರ ಇದು ಕೊಡುತ್ತದೆ. ಮೇಲಾಗಿ ಬಿದ್ದ ಚೆಂಡು ನಿಲ್ಲದೆ ಓಡುತ್ತದೆ. ಗ್ರೀನ್‌ಗಿಂತ ಮೊದಲೇ ಬೀಳುವಂತೆ ಆಡಿ. ಅಡ್ಡಗಾಳಿಗೆ ಗುರಿ ಬದಲಿಸಿ, ಉಳಿದದ್ದನ್ನು ಗಾಳಿಗೆ ಬಿಡಿ. ಬೇಕೆಂದೇ ಚೆಂಡನ್ನು ತಿರುಗಿಸಿ ಗಾಳಿಗೆ ಒಡ್ಡುವ ಆಟ ವೃತ್ತಿಪರರಿಗೆ ಇರಲಿ. ನಿಮಗೆ ಮೊದಲೇ ಸ್ಲೈಸ್ (ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗುವ ಚಾಳಿ) ಇದ್ದರೆ ಎಡದಿಂದ ಬೀಸುವ ಗಾಳಿಗೆ ಇನ್ನಷ್ಟು ಎಡಕ್ಕೆ ಗುರಿಯಿಡಿ, ಸಂಕೋಚ ಬೇಡ.

ಗ್ರೀನ್ ಮೇಲೂ ಗಾಳಿ ಬಿಡುವುದಿಲ್ಲ. 2015ರಲ್ಲಿ ಸೇಂಟ್ ಆ್ಯಂಡ್ರೂಸ್‌ನಲ್ಲಿ ಅದೇ ಬ್ರಿಟಿಷ್ ಓಪನ್ ನಡೆದಾಗ ಗ್ರೀನ್ ಮೇಲೆ ಚೆಂಡುಗಳೇ ನಿಲ್ಲದೆ ಶನಿವಾರ ಹತ್ತು ಗಂಟೆಗೂ ಹೆಚ್ಚು ಹೊತ್ತು ಆಟ ನಿಲ್ಲಿಸಿದ್ದರು. ಪಂದ್ಯ ಮುಗಿದದ್ದು ಸೋಮವಾರ. ಪಟ್ ಮಾಡುವಾಗ, ಅಂದರೆ ಚೆಂಡನ್ನು ಗುಳಿಗೆ ಉರುಳಿಸುವಾಗ, ಕಾಲು ಅಗಲಿಸಿ ನಿಲ್ಲಿ, ಮೈ ಅಲುಗಾಡುವುದಿಲ್ಲ. ಗ್ರೀನ್ ಮುಟ್ಟಿದ ಕೂಡಲೇ ಚೆಂಡಿನ ಹಿಂದೆ ಗುರುತಿನ ಬಿಲ್ಲೆ (ಮಾರ್ಕರ್) ಇಟ್ಟು, ಎತ್ತಿ, ಮತ್ತೆ ಅಲ್ಲೇ ಇಡಿ. ಆಮೇಲೆ ಗಾಳಿ ಅದನ್ನು ಉರುಳಿಸಿದರೂ ಮೊದಲಿನ ಜಾಗಕ್ಕೇ ತಂದಿಡಬೇಕು ಅನ್ನುತ್ತದೆ 2019ರಿಂದ ಜಾರಿಯಲ್ಲಿರುವ ನಿಯಮ. ಎತ್ತಿ ಇಟ್ಟಿರದಿದ್ದರೆ ದಂಡವೇನಿಲ್ಲ, ಆದರೆ ಗಾಳಿ ಒಯ್ದ ಜಾಗದಿಂದಲೇ ಆಡಬೇಕು. ಅದು ಉರುಳಿ ಗುಳಿಗೇ ಬಿದ್ದರೆ ಹಿಂದಿನ ಹೊಡೆತಕ್ಕೇ ಬಿದ್ದ ಲೆಕ್ಕ. ಗಾಳಿ ಗುಳಿಯ ಕಡೆಗೇ ಬೀಸುತ್ತಿದ್ದರೆ ಮಾತ್ರ ಮಾರ್ಕರ್ ಹುಡುಕಲು ಜೇಬಿನಲ್ಲಿ ಸ್ವಲ್ಪ ತಡಕಾಡಬಹುದು.