ಹಿರಿಯರು ನಿದ್ದೆಯಲ್ಲಿ ಒದೆಯುತ್ತಿದ್ದಾರಾ? ಮನೆಯವರು ಹೀಗೆ ಮಾಡಿ

ಬೆಳಗಿನ ಜಾವ ಅಪ್ಪ ಕಿರುಚುತ್ತಾರೆ, ಗೋಡೆಗೆ ಗುದ್ದುತ್ತಾರೆ, ಪಕ್ಕದಲ್ಲಿ ಮಲಗಿದ ಅಮ್ಮನಿಗೂ ಏಟು ಬೀಳುತ್ತದೆ. ಎಬ್ಬಿಸಿದರೆ ‘ಯಾರೋ ಅಟ್ಟಿಸಿಕೊಂಡು ಬಂದ್ರು’ ಅನ್ನುತ್ತಾರೆ. ಗಾಳಿ ಸೋಕಿದೆ ಅಂತ ತಾಯಿತ ಕಟ್ಟಿಸಬೇಡಿ. ತೊಂದರೆ ಮಿದುಳಿನಲ್ಲಿ ಇರಬಹುದು.

ಮೊದಲು ಒಳಗೆ ಏನಾಗುತ್ತದೆ ತಿಳಿದುಕೊಳ್ಳಿ. ಎದ್ದುಕಾಣುವ ಕನಸುಗಳು ಹೆಚ್ಚಾಗಿ ಬೀಳುವುದು ರೆಮ್ ನಿದ್ದೆಯಲ್ಲಿ, ಅಂದರೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ವೇಗವಾಗಿ ಓಡಾಡುವ ನಿದ್ದೆಯ ಹಂತದಲ್ಲಿ. ಆಗ ಮಿದುಳು ಚುರುಕಾಗಿಯೇ ಇರುತ್ತದೆ, ಆದರೆ ಮಿದುಳಿನ ಕಾಂಡದ (ಮಿದುಳನ್ನು ಬೆನ್ನುಹುರಿಗೆ ಸೇರಿಸುವ ಬುಡದ ಭಾಗ) ಕೆಲವು ನರಕೋಶಗಳು ಕೈಕಾಲಿಗೆ ಹೋಗುವ ಸಂದೇಶವನ್ನು ತಡೆಯುತ್ತವೆ, ಅದಕ್ಕೇ ಕನಸಿನಲ್ಲಿ ಎಷ್ಟು ಓಡಿದರೂ ನಾವು ಸುಮ್ನೆ ಮಲಗಿರುತ್ತೇವೆ. ಈ ತಡೆ ಕೆಟ್ಟರೆ ಕನಸಿನ ಜಗಳ ಹಾಸಿಗೆಗೇ ಬರುತ್ತದೆ. ಅಮೆರಿಕದ ಮಿನೆಸೋಟಾದ ವೈದ್ಯರು 1986ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆ ಎಂದು ವಿವರಿಸಿದರು. ಹೆಸರು ರೆಮ್ ಸ್ಲೀಪ್ ಬಿಹೇವಿಯರ್ ಡಿಸಾರ್ಡರ್.

ತಡೆ ಯಾಕೆ ಕೆಡುತ್ತದೆ? ಕೈ ನಡುಗಿಸುವ ಪಾರ್ಕಿನ್ಸನ್ಸ್ ಕಾಯಿಲೆ ಮತ್ತು ಲೂಯಿ ಬಾಡಿ ಎಂಬ ಮರೆವಿನ ಕಾಯಿಲೆಯಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನ್ ನರಕೋಶಗಳಲ್ಲಿ ಗಂಟುಕಟ್ಟುತ್ತದೆ. ಹಲವರಲ್ಲಿ ಅದು ಮೊದಲು ಕಾಣಿಸುವುದೇ ಮಿದುಳಿನ ಕಾಂಡದಲ್ಲಿ. ಹಾಗಾಗಿ ಕೈ ನಡುಗುವ ಎಷ್ಟೋ ವರ್ಷ ಮೊದಲೇ ನಿದ್ದೆ ಕೆಡಬಹುದು. ನನ್ನ ಪ್ರಕಾರ ಮನೆಯವರು ಗಮನಿಸಬೇಕಾದ ಮುಖ್ಯ ಮಾತು ಇದೇ. ಒದೆಯುವವರಿಗೆಲ್ಲ ಪಾರ್ಕಿನ್ಸನ್ಸ್ ಬಂದೇ ಬರುತ್ತದೆ ಅಂತಲ್ಲ, ಆದರೆ ತೋರಿಸದೇ ಬಿಡಬಾರದು.

ಇವತ್ತು ರಾತ್ರಿಯೇ ಮಾಡಬೇಕಾದದ್ದು: ಹಾಸಿಗೆಯನ್ನು ತಗ್ಗಿಗೆ ಇಳಿಸಿ, ಗಾಜಿನ ಲೋಟ, ಚೂಪು ಮೂಲೆಯ ಮೇಜು ದೂರ ಇಡಿ, ಅಮ್ಮ ಸ್ವಲ್ಪ ದಿನ ಬೇರೆ ಮಲಗಲಿ.

ಆಮೇಲೆ ಮೊಬೈಲಿನಲ್ಲಿ ವಿಡಿಯೊ ಮಾಡಿ. ಎಷ್ಟು ಹೊತ್ತಿಗೆ ಶುರುವಾಯಿತು ಬರೆದಿಡಿ, ರೆಮ್ ನಿದ್ದೆ ರಾತ್ರಿಯ ಕೊನೆಯ ಭಾಗದಲ್ಲೇ ಜಾಸ್ತಿ ಇರುವುದರಿಂದ ಡಾಕ್ಟರಿಗೆ ಇದು ದೊಡ್ಡ ಸುಳಿವು. ವಾಸನೆ ಗೊತ್ತಾಗುತ್ತದಾ, ಮಲಬದ್ಧತೆ ಇದೆಯಾ ಅಂತಲೂ ಕೇಳಿ. ಇವೂ ಪಾರ್ಕಿನ್ಸನ್ಸ್‌ನ ಮುಂಚಿನ ಲಕ್ಷಣಗಳಾಗಿರಬಹುದು.

ಮಾತ್ರೆಗಳ ಪಟ್ಟಿ ಮರೆಯಬೇಡಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟ ಡಾಕ್ಟರನ್ನು ಕೇಳಿ.

ಇಷ್ಟು ಹಿಡಿದುಕೊಂಡು ನರರೋಗ ತಜ್ಞರ ಹತ್ತಿರ ಹೋಗಿ. ಅವರು ರಾತ್ರಿಯಿಡೀ ನಿದ್ದೆಯನ್ನು ಅಳೆಯುವ ಪಾಲಿಸೋಮ್ನೋಗ್ರಫಿ ಹೇಳಬಹುದು. ಗೊರಕೆ ಹೊಡೆದು ಉಸಿರು ನಿಂತು ಬೆಚ್ಚುವುದು, ರಾತ್ರಿ ಫಿಟ್ಸ್ ಬರುವುದು ಹೊರಗಿನಿಂದ ಹೀಗೇ ಕಾಣುತ್ತವೆ, ಬರೀ ನೋಡಿ ಹೇಳುವುದು ಕಷ್ಟ. ಚಿಕಿತ್ಸೆಗೆ ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಅಥವಾ ಮಂಪರು ತರಿಸುವ ಕ್ಲೊನಾಜೆಪಾಮ್ ಮಾತ್ರೆ ಕೊಡುತ್ತಾರೆ. ಕ್ಲೊನಾಜೆಪಾಮನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡಬೇಡಿ. ವಯಸ್ಸಾದವರು ಬಚ್ಚಲಿಗೆ ಎದ್ದು ಹೋಗುವಾಗ ತೂಗಾಡಿ ಬೀಳಬಹುದು, ಉಸಿರು ನಿಲ್ಲುವ ತೊಂದರೆ ಇದ್ದರೆ ಅದೂ ಜಾಸ್ತಿಯಾಗಬಹುದು.