ಯುಕುಲೆಲೆ ಶ್ರುತಿ ಮಾಡೋದು ಹೇಗೆ? ಮೊದ್ಲು ಕಿವಿ, ಆಮೇಲೆ ಟ್ಯೂನರ್

ಗಿಟಾರ್ ಥರದ, ನಾಲ್ಕು ತಂತಿಯ ಪುಟ್ಟ ವಾದ್ಯ ಯುಕುಲೆಲೆ. ಅದನ್ನ ಕಲಿಯೋಕೆ ಶುರು ಮಾಡಿ ಸ್ವಲ್ಪ ದಿನಕ್ಕೇ ಕೈಬಿಡೋರು ಬಹಳ ಜನ ಇದಾರೆ, ಯಾಕ್ರೀ ಅಂದ್ರೆ "ಎಷ್ಟು ನುಡಿಸಿದ್ರೂ ಕೇಳೋಕೆ ಚೆನ್ನಾಗಿರಲ್ಲ, ನಂಗೆ ಸಂಗೀತ ಹತ್ತಲ್ಲ ಬಿಡಿ" ಅಂತಾರೆ. ಅವರ ವಾದ್ಯ ಇಸ್ಕೊಂಡು ನಾಲ್ಕೂ ತಂತಿ ಒಂದ್ಸಲ ಮೀಟಿದ್ರೆ ಸಾಕು ವಿಷಯ ಗೊತ್ತಾಗುತ್ತೆ, ಬೆರಳು ಸರಿಯಾದ ಜಾಗದಲ್ಲೇ ಕೂತಿದೆ, ಕಾರ್ಡೂ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಸರಿ ಇದೆ, ಶ್ರುತಿ ಮಾತ್ರ ಹೋಗಿದೆ. ಶ್ರುತಿ ಕೂಡದ ವಾದ್ಯದಲ್ಲಿ ಎಷ್ಟೇ ಸರಿಯಾಗಿ ನುಡಿಸಿದ್ರೂ ತಪ್ಪಾಗೇ ಕೇಳುತ್ತೆ, ಜೊತೆಗೆ ಹೊಸಬರ ಕಿವಿ ಆ ತಪ್ಪಿಗೇ ಒಗ್ಗಿಹೋಗುತ್ತೆ, ಇದು ಇನ್ನೂ ಕೆಟ್ಟದ್ದು. ಹಾಗಾಗಿ ಹಾಡು ಗೀಡು ಎಲ್ಲ ಆಮೇಲೆ, ಮೊದಲು ಇದನ್ನ ಕಲೀರಿ, ದಿನಾ ವಾದ್ಯ ಕೈಗೆ ತಗೊಂಡಾಗೆಲ್ಲ ಮಾಡಿ.

ಯಾವ ತಂತಿ ಯಾವ ಸ್ವರ

ನುಡಿಸೋ ಥರಾನೇ ಹಿಡ್ಕೊಂಡು ಕೂತ್ಕೊಳ್ಳಿ. ನಿಮ್ಮ ಗಲ್ಲದ ಕಡೆಗಿರೋ ತಂತಿ ಜಿ, ಅದರ ಕೆಳಗಿಂದು ಸಿ, ಆಮೇಲೆ ಇ, ನೆಲದ ಕಡೆ ಇರೋ ಕೊನೇದು ಎ. ನಂಬರ್ ಹೇಳುವಾಗ ಮಾತ್ರ ಉಲ್ಟಾ, ನೆಲದ ಕಡೆಯ ಎ ತಂತಿನೇ ಒಂದನೇದು, ಗಲ್ಲದ ಕಡೆಯ ಜಿ ನಾಲ್ಕನೇದು. ಸೊಪ್ರಾನೋ, ಕಾನ್ಸರ್ಟ್, ಟೆನರ್ ಈ ಮೂರು ಸೈಜಿಗೂ ಸಾಮಾನ್ಯವಾಗಿ ಇದೇ ಶ್ರುತಿ. ಬ್ಯಾರಿಟೋನ್ ಅನ್ನೋ ದೊಡ್ಡ ಸೈಜ್ ಬೇರೆ, ಅದು ಡಿ ಜಿ ಬಿ ಇ, ಗಿಟಾರಿನ ಮೊದಲ ನಾಲ್ಕು ತಂತಿಗಳ ಸ್ವರಾನೇ. ಅದೇ ತಂತಿನ ಬಿಗಿದು ಬಿಗಿದು ಜಿ ಸಿ ಇ ಎ ಮಾಡೋಕೆ ಹೋಗ್ಬೇಡಿ, ತಂತಿ ಕಿತ್ತುಹೋಗುತ್ತೆ.

ನಮ್ಮಲ್ಲಿ ಸ್ವಲ್ಪ ಸಂಗೀತ ಕಲಿತಿರೋರಿಗೆ ಇದು ಇನ್ನೂ ಸುಲಭ. ಸಿ ಅಂದ್ರೆ ಒಂದು ಮನೆ ಶ್ರುತಿ, ಹಾರ್ಮೋನಿಯಂನವರು ಹೇಳೋ ಬಿಳಿ ಒಂದು. ಅದನ್ನ ಸ ಅಂತ ಇಟ್ಕೊಂಡ್ರೆ ಇ ತಂತಿ ಅಂತರ ಗಾಂಧಾರ, ಜಿ ಪಂಚಮ, ಎ ಚತುಶ್ರುತಿ ಧೈವತ. ಮೇಲಿಂದ ಕೆಳಗೆ ಮೀಟ್ತಾ ಬಂದ್ರೆ ಪ ಸ ಗ ದ ಅಂತ ಕೇಳಿಸ್ಬೇಕು, ನಾಲ್ಕೂ ಒಂದೇ ಸ್ಥಾಯಿಯಲ್ಲಿ. ಇದಕ್ಕೆ ರಿ ಒಂದು ಸೇರಿಸಿಬಿಟ್ರೆ ಮೋಹನ ರಾಗದ ಸ್ವರಗಳು ಪೂರ್ತಿ ಆಗುತ್ತೆ, ಬೆರಳು ಒತ್ತದೆ ಸುಮ್ನೆ ಬಿಟ್ಟ ತಂತಿ ಮೀಟಿದ್ರೂ ಯುಕುಲೆಲೆ ಹಿತವಾಗಿ ಕೇಳೋದು ಇದರಿಂದಾನೇ. ಶ್ರುತಿ ಮಾಡೋಕ್ಕಿಂತ ಮುಂಚೆ ಈ ಪ ಸ ಗ ದ ಬಾಯಲ್ಲಿ ಹಾಡ್ಕೊಳ್ಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ, ಕಿವಿಗೆ ಏನು ಬೇಕು ಅಂತ ಗೊತ್ತಿದ್ರೆ ಕೈ ತಾನಾಗೇ ದಾರಿ ಹಿಡಿಯುತ್ತೆ.

ಒಂದು ವಿಷಯ ಹೊಸಬರಿಗೆ ಗಲಿಬಿಲಿ ಮಾಡುತ್ತೆ. ಗಿಟಾರಲ್ಲಿ ಮೇಲಿನ ತಂತಿ ದಪ್ಪ, ಕೆಳಗೆ ಬರ್ತಾ ಬರ್ತಾ ಸ್ವರ ಏರುತ್ತೆ, ಇಲ್ಲಿ ಮಾತ್ರ ಮೇಲಿನ ಜಿ ತಂತಿ ಅದರ ಕೆಳಗಿನ ಸಿ, ಇ ಎರಡಕ್ಕಿಂತಲೂ ಎತ್ತರದ ಸ್ವರ. ಇದು ಹಳೇ ಪೋರ್ಚುಗೀಸ್ ನೆಂಟಸ್ತನ. 1879ರ ಆಗಸ್ಟ್‌ನಲ್ಲಿ ಮಡೇರಾ ದ್ವೀಪದಿಂದ ರೇವನ್ಸ್‌ಕ್ರ್ಯಾಗ್ ಅನ್ನೋ ಹಡಗಲ್ಲಿ ಹವಾಯಿಯ ಕಬ್ಬಿನ ತೋಟದ ಕೆಲಸಕ್ಕೆ ಅಂತ ಜನ ಬಂದಿಳಿದ್ರು, ಅವರಲ್ಲಿ ಮ್ಯಾನುಯೆಲ್ ನೂನೆಸ್, ಅಗಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸ್ಯಾಂಟೊ ಅನ್ನೋ ಮೂವರು ಮರಗೆಲಸದೋರೂ ಇದ್ರು. ಹೊನೊಲುಲುನಲ್ಲಿ ಯುಕುಲೆಲೆ ಮಾಡಿ ಮಾರೋಕೆ ಶುರು ಮಾಡಿದ್ದು ಇವರೇ. ಆಕಾರ ಅವರೂರಿನ ಮಶೆಟ್ ಅನ್ನೋ ಪುಟಾಣಿ ವಾದ್ಯದ್ದು, ಶ್ರುತಿ ಮಾತ್ರ ರಜಾವ್ ಅನ್ನೋ ಐದು ತಂತಿ ವಾದ್ಯದಿಂದ ನಾಲ್ಕು ತಂತಿ ತಗೊಂಡಿದ್ದು. ಆ ಎತ್ತರದ ಜಿ ಅಲ್ಲಿಂದ ಬಂದಿದೆ, ಯುಕುಲೆಲೆಗೆ ಆ ಗಿಲಿಗಿಲಿ ದನಿ ಬರೋದು ಅದರಿಂದಾನೇ, ಅದನ್ನ ಒಂದು ಸ್ಥಾಯಿ ಕೆಳಗೆ ಇಳಿಸ್ಬೇಡಿ. ಕೆಲವರು ಟೆನರ್‌ಗೆ ಬೇಕು ಅಂತಲೇ ಲೋ ಜಿ ಹಾಕಿಸ್ಕೊಂಡಿರ್ತಾರೆ, ಆ ತಂತಿ ಬೇರೇನೇ, ದಪ್ಪ ಇರುತ್ತೆ, ಎಷ್ಟೋ ಸಲ ಮೇಲೆ ಲೋಹದ ಸುತ್ತು ಇರುತ್ತೆ. ಅಂಥದ್ದು ಇದ್ರೆ ಕೆಳಗಿನ ಸ್ಥಾಯಿ ಜಿಗೇ ನಿಲ್ಲಿಸಿ, ಎಳೆದು ಮೇಲೆ ತರಬೇಡಿ.

ಟ್ಯೂನರ್ ರೆಡಿ ಮಾಡ್ಕೊಳ್ಳಿ

ಟ್ಯೂನರ್ ಅಂದ್ರೆ ಮೀಟಿದ ಸ್ವರ ಯಾವುದು, ಏರಿದೆಯಾ ಇಳಿದಿದೆಯಾ ಅಂತ ಸ್ಕ್ರೀನಲ್ಲಿ ಅಕ್ಷರ ಮತ್ತು ಮುಳ್ಳಿಂದ ತೋರಿಸೋ ಸಾಧನ. ಫೋನಿನ ಆ್ಯಪ್ ಆದ್ರೂ ಆಗುತ್ತೆ, ತಲೆ ಭಾಗಕ್ಕೆ ಕಚ್ಚಿಸೋ ಕ್ಲಿಪ್ ಟ್ಯೂನರ್ ಆದ್ರೂ ಆಗುತ್ತೆ. ಆ್ಯಪ್ ಮೈಕಲ್ಲಿ ಕೇಳಿಸ್ಕೊಳ್ಳುತ್ತೆ, ಹಾಗಾಗಿ ಫ್ಯಾನ್, ಟಿವಿ, ಅಡುಗೆಮನೆ ಮಿಕ್ಸಿ ಎಲ್ಲ ಅದಕ್ಕೆ ತೊಂದರೆ. ಕ್ಲಿಪ್ ಮರದ ಕಂಪನನೇ ಹಿಡಿಯುತ್ತೆ, ಗಲಾಟೆ ಇದ್ರೂ ಕೆಲಸ ಮಾಡುತ್ತೆ, ಕ್ಲಾಸಿಗೆ ಹೋಗೋರಿಗೆ ನಾನು ಕ್ಲಿಪ್ಪೇ ತಗೊಳ್ಳಿ ಅಂತೀನಿ. ಎರಡು ಸೆಟ್ಟಿಂಗ್ ನೋಡ್ಕೊಳ್ಳಿ. ಒಂದು, ಎ ಸ್ವರ ಸೆಕೆಂಡಿಗೆ 440 ಕಂಪನ, ಅಂದ್ರೆ 440 ಹರ್ಟ್ಜ್‌ಗೆ ಇರ್ಬೇಕು, ಯಾರೋ ಬಟನ್ ಒತ್ತಿ 432 ಅಥವಾ 445 ಮಾಡಿಟ್ಟಿದ್ರೆ ನಾಲ್ಕೂ ತಂತಿ ತಮ್ಮತಮ್ಮಲ್ಲಿ ಸರಿ ಇರುತ್ತೆ, ಬೇರೆಯವರ ಜೊತೆ ನುಡಿಸೋಕೆ ಕೂತಾಗ ಮಾತ್ರ ಕೂಡಲ್ಲ. ಎರಡು, ಮೋಡ್ ಯುಕುಲೆಲೆ ಅಥವಾ ಕ್ರೋಮ್ಯಾಟಿಕ್ (ಹನ್ನೆರಡೂ ಸ್ವರ ತೋರಿಸೋದು) ಇರ್ಲಿ, ಗಿಟಾರ್ ಮೋಡಲ್ಲಿ ಸಿ ತಂತಿನೇ ಇಲ್ಲ. ತುಂಬಾ ಕ್ಲಿಪ್ ಟ್ಯೂನರ್‌ಗಳಲ್ಲಿ ಮೂಲೆಯಲ್ಲಿ ಸಿ ಅಂತ ಸಣ್ಣ ಅಕ್ಷರ ಇರುತ್ತೆ, ಅದು ಕ್ರೋಮ್ಯಾಟಿಕ್ ಅನ್ನೋದರ ಸಿ, ನಿಮ್ಮ ತಂತಿಯ ಸಿ ಅಲ್ಲ, ಅದನ್ನ ನೋಡಿ ಶ್ರುತಿ ಸರಿಯಾಯ್ತು ಅಂದ್ಕೊಳ್ಳೋರು ಇದಾರೆ.

ಇನ್ನು ಪೆಗ್, ಅಂದ್ರೆ ತಲೆ ಭಾಗದಲ್ಲಿ ತಂತಿ ಸುತ್ತಿರೋ ಬಿರಡೆ, ತಿರುಗಿಸೋದು. ಮೊದಲು ಆ ತಂತಿ ಯಾವ ಪೆಗ್ಗಿಗೆ ಹೋಗುತ್ತೆ ಅಂತ ಬೆರಳಿಟ್ಟು ನೋಡಿ, ಎಷ್ಟೋ ಸಲ ಮೀಟೋದು ಒಂದು ತಂತಿ, ತಿರುಗಿಸೋದು ಇನ್ನೊಂದರ ಪೆಗ್, ಮುಳ್ಳು ಯಾಕೆ ಅಲ್ಲಾಡ್ತಿಲ್ಲ ಅಂತ ತಿರುಗಿಸ್ತಾ ಹೋದ್ರೆ ಪಕ್ಕದ ತಂತಿ ಪಟ್ ಅಂತ ಹೋಗುತ್ತೆ. ಹೆಬ್ಬೆರಳಲ್ಲಿ ಮೆತ್ತಗೆ ಮೀಟಿ, ಸ್ವರ ಇನ್ನೂ ಮೊಳಗ್ತಿರುವಾಗಲೇ ಪೆಗ್ ಸ್ವಲ್ಪ ತಿರುಗಿಸಿ, ಸ್ವರ ಏರ್ತಿದೆಯಾ ಇಳೀತಿದೆಯಾ ಕೇಳಿಸ್ಕೊಳ್ಳಿ. ಯಾವ ಕಡೆ ತಿರುಗಿಸಿದ್ರೆ ಬಿಗಿಯಾಗುತ್ತೆ ಅಂತ ಬಾಯಿಪಾಠ ಮಾಡೋ ಅಗತ್ಯ ಇಲ್ಲ, ತಂತಿ ಸುತ್ತಿರೋ ರೀತಿ ಮೇಲೆ ಅದು ಬೇರೆ ಆಗಬಹುದು, ಕಿವಿನೇ ಹೇಳುತ್ತೆ.

ಸ್ಕ್ರೀನಲ್ಲಿ ಅಕ್ಷರ ಓದೋಕೆ ಕ್ರಮ ಗೊತ್ತಿರ್ಬೇಕು (ಶಾರ್ಪ್ ಅಂದ್ರೆ ಆ ಸ್ವರಕ್ಕಿಂತ ಅರ್ಧ ಮೆಟ್ಟಿಲು ಮೇಲೆ): ಸಿ, ಸಿ ಶಾರ್ಪ್, ಡಿ, ಡಿ ಶಾರ್ಪ್, ಇ, ಎಫ್, ಎಫ್ ಶಾರ್ಪ್, ಜಿ, ಜಿ ಶಾರ್ಪ್, ಎ, ಎ ಶಾರ್ಪ್, ಬಿ, ಮತ್ತೆ ಸಿ. ಇ ತಂತಿ ಮೀಟಿದಾಗ ಡಿ ಶಾರ್ಪ್ ತೋರಿಸಿದ್ರೆ ಬಿಗಿ ಮಾಡಿ, ಎಫ್ ತೋರಿಸಿದ್ರೆ ಸಡಿಲ ಮಾಡಿ. ಎ ತಂತಿಗೆ ಬಿ ಅಂತ ಬಂದು, ಇನ್ನೊಂಚೂರು ತಿರುಗಿಸಿದ್ರೆ ಎ ಬರಬಹುದು ಅಂತ ಬಿಗಿ ಮಾಡ್ತಾ ಹೋದ್ರೆ ತಂತಿ ಉಳಿಯಲ್ಲ. ಅಕ್ಷರ ಸರಿ ಬಂದ ಮೇಲೆ ಮುಳ್ಳನ್ನ ಮಧ್ಯಕ್ಕೆ ತನ್ನಿ, ಯಾವಾಗಲೂ ಕೆಳಗಿಂದ ಮೇಲಕ್ಕೆ ಬನ್ನಿ. ಸ್ವರ ದಾಟಿಹೋದ್ರೆ ಸ್ವಲ್ಪ ಜಾಸ್ತಿನೇ ಇಳಿಸಿ ಮತ್ತೆ ಏರಿಸಿ ನಿಲ್ಲಿಸಿ, ಯಾಕಂದ್ರೆ ಪೆಗ್ಗಿನ ಹಲ್ಲುಗಳ ಮಧ್ಯೆ ಒಂಚೂರು ಸಡಿಲ ಇರುತ್ತೆ, ಇಳಿಸಿ ಅಲ್ಲೇ ಬಿಟ್ರೆ ನಾಲ್ಕು ಸಲ ಮೀಟೋ ಅಷ್ಟರಲ್ಲಿ ತಂತಿ ಮತ್ತೆ ಇಳಿದಿರುತ್ತೆ. ನಾಲ್ಕೂ ಆದ ಮೇಲೆ ಇನ್ನೊಂದು ಸುತ್ತು ಮೊದಲಿಂದ ನೋಡಿ, ಒಂದು ತಂತಿ ಬಿಗಿಯಾದಾಗ ಬೇರೆದು ಸ್ವಲ್ಪ ಅಲ್ಲಾಡಿರುತ್ತೆ.

ಕಿವಿಯಿಂದ ಪರೀಕ್ಷೆ ಮಾಡೋದು

ಇಲ್ಲಿಗೆ ಮುಗೀತು ಅಂತ ತುಂಬಾ ಜನ ನಿಲ್ಲಿಸ್ತಾರೆ, ನನ್ನ ಪ್ರಕಾರ ಅಸಲಿ ಕೆಲಸ ಶುರುವಾಗೋದೇ ಇಲ್ಲಿಂದ. ಟ್ಯೂನರ್ ನೋಡೋದು ಒಂದೊಂದೇ ತಂತಿನ, ನೀವು ನುಡಿಸೋದು ನಾಲ್ಕನ್ನೂ ಒಟ್ಟಿಗೆ. ಕಲಿಯೋರೆಲ್ಲ ಮೊದಲು ಹಿಡಿಯೋ ಮೂರು ಕಾರ್ಡಲ್ಲೇ ಪರೀಕ್ಷೆ ಅಡಗಿದೆ.

ಫ್ರೆಟ್ ಅಂದ್ರೆ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರೋ ಲೋಹದ ಪಟ್ಟಿ, ತಲೆ ಕಡೆಯಿಂದ ಎಣಿಸ್ಬೇಕು. ಎಫ್ ಕಾರ್ಡ್ ಹಿಡೀರಿ, ಜಿ ತಂತಿಯ ಎರಡನೇ ಫ್ರೆಟ್, ಇ ತಂತಿಯ ಒಂದನೇ ಫ್ರೆಟ್. ಈಗ ಮೇಲಿನ ಜಿ ತಂತಿನೂ ಕೆಳಗಿನ ಬಿಟ್ಟ ಎ ತಂತಿನೂ ಒಂದೇ ಸ್ವರ ಕೊಡ್ಬೇಕು, ಎರಡೂ ಎ. ಆ ಎರಡನ್ನ ಮಾತ್ರ ಒಟ್ಟಿಗೆ ಮೀಟಿ ಕಿವಿ ಹತ್ರ ತಗೊಳ್ಳಿ. ಸರಿ ಇದ್ರೆ ಒಂದೇ ತಂತಿ ನುಡೀತಿದೆ ಅನ್ನಿಸುತ್ತೆ, ವ್ಯತ್ಯಾಸ ಇದ್ರೆ ಉಂವ್ ಉಂವ್ ಅಂತ ಒಂದು ಅಲೆ ಎದ್ದು ಬೀಳ್ತಾ ಇರುತ್ತೆ. ಒಂದು 440, ಇನ್ನೊಂದು 437 ಹರ್ಟ್ಜ್ ಇದ್ರೆ ಸೆಕೆಂಡಿಗೆ ಮೂರು ಅಲೆ. ಪೆಗ್ ಒಂಚೂರು ತಿರುಗಿಸಿ, ಅಲೆ ನಿಧಾನ ಆಗ್ತಾ ಆಗ್ತಾ ಕೊನೆಗೆ ನಿಂತೇಬಿಡುತ್ತೆ. ಅದು ನಿಲ್ಲೋದನ್ನ ಒಂದ್ಸಲ ಕೇಳಿಸ್ಕೊಂಡ್ರೆ ಕಿವಿ ಅದನ್ನ ಮರೆಯಲ್ಲ, ಮಕ್ಕಳಿಗೆ ಕಲಿಸೋರು ದಯವಿಟ್ಟು ಇದನ್ನ ಕೇಳಿಸಿ, ಮುಳ್ಳು ನೋಡೋದನ್ನ ಅವರು ಹೇಗಿದ್ರೂ ಕಲೀತಾರೆ.

ಜಿ ಕಾರ್ಡಲ್ಲಿ ಬಿಟ್ಟ ಜಿ ತಂತಿ ಮತ್ತು ಇ ತಂತಿಯ ಮೂರನೇ ಫ್ರೆಟ್ ಎರಡೂ ಒಂದೇ ಜಿ. ಸಿ ಕಾರ್ಡ್ ಅಂದ್ರೆ ಎ ತಂತಿಯ ಮೂರನೇ ಫ್ರೆಟ್ ಒಂದೇ ತಾನೆ, ಅದು ತಾರ ಸ, ಬಿಟ್ಟ ಸಿ ತಂತಿ ಮಧ್ಯ ಸ, ಎರಡೂ ಕೂಡ್ಬೇಕು. ಈ ಮೂರು ಜಾಗ ಕೂಡಿದ್ರೆ ನಾಲ್ಕೂ ತಂತಿ ಒಂದಕ್ಕೊಂದು ಹೊಂದಿವೆ ಅಂತಲೇ.

ಟ್ಯೂನರೇ ಇಲ್ಲ, ಫೋನ್ ಚಾರ್ಜ್ ಇಲ್ಲ ಅಂದ್ರೂ ಇದೇ ಲೆಕ್ಕ. ಮನೇಲಿ ಸಂಗೀತದೋರು ಇದ್ರೆ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇರುತ್ತಲ್ಲ, ಅದನ್ನ ಒಂದು ಮನೆಗೆ ಇಟ್ಟು, ಸಣ್ಣಗೆ ಏರಿಳಿಸೋ ಗುಂಡಿ ಇದ್ರೆ ಅದನ್ನ ನಡುವಿಗೆ ತಂದು, ಸಕ್ಕೆ ಸಿ ತಂತಿ, ಪಕ್ಕೆ ಜಿ ತಂತಿ ಕೂಡಿಸಿ. ಪೆಟ್ಟಿಗೆ ದನಿ ಒಂದು ಸ್ಥಾಯಿ ಕೆಳಗಿರಬಹುದು, ಪರವಾಗಿಲ್ಲ. ಆಮೇಲೆ ಸಿ ತಂತಿಯ ನಾಲ್ಕನೇ ಫ್ರೆಟ್ ಒತ್ತಿದ್ರೆ ಬರೋ ಸ್ವರಕ್ಕೆ ಇ ತಂತಿ, ಜಿ ತಂತಿಯ ಎರಡನೇ ಫ್ರೆಟ್ಟಿಗೆ ಎ ತಂತಿ.

ಶ್ರುತಿಜ್ಞಾನ ಚೆನ್ನಾಗಿರೋರು ಇಲ್ಲೊಂದು ಕಡೆ ಸಿಕ್ಕಿಹಾಕ್ಕೋತಾರೆ. ತಂಬೂರಿ ಕೇಳಿ ಕೇಳಿ ಪಳಗಿದ ಕಿವಿಗೆ ಟ್ಯೂನರ್ ಹೇಳೋ ಗ ಸ್ವಲ್ಪ ಏರಿದೆ ಅನ್ನಿಸುತ್ತೆ, ಅನ್ನಿಸೋದು ನಿಜಾನೇ. ಸಿ 261.6 ಹರ್ಟ್ಜ್ ಇದ್ದಾಗ ತಂಬೂರಿಯಲ್ಲಿ ತಾನಾಗೇ ಕೇಳೋ ಗಾಂಧಾರ ಸುಮಾರು 327, ಟ್ಯೂನರ್ ಕೊಡೋ ಇ 329.6. ಸಿಹಿಯಾಗಿರಲಿ ಅಂತ ಇ ತಂತಿನ 327ಕ್ಕೆ ಇಳಿಸಿದ್ರೆ ಸಿ ಕಾರ್ಡ್ ಅದ್ಭುತವಾಗಿ ಕೇಳುತ್ತೆ, ಆದ್ರೆ ಜಿ ಕಾರ್ಡಿಗೆ ಬಂದ ತಕ್ಷಣ ಇ ತಂತಿಯ ಮೂರನೇ ಫ್ರೆಟ್ 389 ಹತ್ರ, ಬಿಟ್ಟ ಜಿ 392, ಮತ್ತೆ ಸೆಕೆಂಡಿಗೆ ಮೂರು ಅಲೆ. ಫ್ರೆಟ್‌ಗಳನ್ನ ಸ್ಥಾಯಿನ ಹನ್ನೆರಡು ಸಮ ಭಾಗ ಮಾಡಿ ಕೂರಿಸಿರೋದ್ರಿಂದ ಹೀಗೆ, ಎಲ್ಲ ಕಾರ್ಡೂ ನುಡಿಸ್ಬೇಕು ಅಂದ್ರೆ ಆ ಒಂಚೂರು ಏರಿದ ಗ ಒಪ್ಕೊಳ್ಳಲೇಬೇಕು. ಸ ಪ ಹಿಡಿದು ಒಂದೇ ರಾಗ ನುಡಿಸೋರಾದ್ರೆ ಮಾತು ಬೇರೆ, ಆಗ ಧಾರಾಳವಾಗಿ ಇಳಿಸ್ಕೊಳ್ಳಿ.

ಶ್ರುತಿ ನಿಲ್ತಾ ಇಲ್ಲ ಅಂದ್ರೆ

ಹೊಸ ತಂತಿ ಆಗಿದ್ರೆ ಅದು ಸಹಜ. ನೈಲಾನ್, ಫ್ಲೋರೋಕಾರ್ಬನ್ ತಂತಿಗಳು ಹಾಕಿದ ಮೇಲೆ ಕೆಲವು ದಿನ ಎಳೀತಾನೇ ಇರುತ್ತೆ, ವಾದ್ಯ ಕೆಟ್ಟಿದೆ ಅಂತ ಅಂಗಡಿಗೆ ವಾಪಸ್ ತಗೊಂಡು ಹೋಗ್ಬೇಡಿ. ಶ್ರುತಿ ಮಾಡಿ, ಹನ್ನೆರಡನೇ ಫ್ರೆಟ್ ಹತ್ರ ತಂತಿ ಕೆಳಗೆ ಬೆರಳು ಹಾಕಿ ಮೆತ್ತಗೆ ಒಂಚೂರು ಮೇಲಕ್ಕೆಳೆದು ಬಿಡಿ, ಸ್ವರ ಇಳಿದಿರುತ್ತೆ, ಮತ್ತೆ ಶ್ರುತಿ ಮಾಡಿ, ಹೀಗೆ ನಾಲ್ಕೈದು ಸಲ ಮಾಡಿದ್ರೆ ಬೇಗ ಹದಕ್ಕೆ ಬರುತ್ತೆ. ತಂತಿ ಹಳೇದಾಗಿದ್ರೂ ಇಳೀತಿದ್ರೆ ಪೆಗ್ ನೋಡಿ. ಹಿಂದುಗಡೆಗೆ ನೆಟ್ಟಗೆ ನಿಂತಿರೋ, ಹಲ್ಲಿಲ್ಲದ ಪೆಗ್ ಆದ್ರೆ ಅದರ ತುದಿಯಲ್ಲಿ ಒಂದು ಸಣ್ಣ ಸ್ಕ್ರೂ ಇರುತ್ತೆ, ಕಾಲು ಸುತ್ತು ಬಿಗಿ ಮಾಡಿದ್ರೆ ಜಾರೋದು ನಿಲ್ಲುತ್ತೆ. ಅಂಥ ಪೆಗ್ಗಲ್ಲಿ ಒಂದು ಸುತ್ತು ಅಂದ್ರೆ ಪೂರ್ತಿ ಒಂದು ಸುತ್ತೇ, ಗೇರ್ ಇಲ್ಲ, ಹಾಗಾಗಿ ಕೂದಲೆಳೆಯಷ್ಟೇ ತಿರುಗಿಸ್ಬೇಕು.

ಹವೆ ಕೂಡ ಲೆಕ್ಕಕ್ಕೆ ಬರುತ್ತೆ. ಮಂಗಳೂರಿನ ಮಳೆಗಾಲದ ತೇವಕ್ಕೂ ಕಲಬುರಗಿ ಏಪ್ರಿಲ್ ಬಿಸಿಲಿಗೂ ಮರ ಒಂದೇ ಥರ ಇರಲ್ಲ, ಎಸಿ ರೂಮಿಂದ ಹೊರಗೆ ತಂದ ಕೂಡಲೇ ಶ್ರುತಿ ಮಾಡ್ಬೇಡಿ, ಹತ್ತು ನಿಮಿಷ ಬಿಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರೊಳಗಂತೂ ಬಿಟ್ಟು ಹೋಗಲೇಬೇಡಿ, ಅಂಟು ಬಿಟ್ಕೊಂಡು ತಂತಿಗಳ ಬುಡ ಕಟ್ಟಿರೋ ಬ್ರಿಡ್ಜೇ ಎದ್ದು ಬರಬಹುದು.

ಬಿಟ್ಟ ತಂತಿ ನಾಲ್ಕೂ ಸರಿ, ಆದ್ರೆ ಒಂದನೇ ಎರಡನೇ ಫ್ರೆಟ್ ಒತ್ತಿದ್ರೆ ಸ್ವರ ಏರಿಬಿಡುತ್ತೆ ಅನ್ನೋದು ಬೇರೆ ಕಾಯಿಲೆ. ಮೊದಲು ಬೆರಳಿನ ಒತ್ತಡ ಕಮ್ಮಿ ಮಾಡಿ ನೋಡಿ, ಜೋರಾಗಿ ಒತ್ತಿದ್ರೆ ಮೆತ್ತಗಿನ ತಂತಿ ಎಳೆದುಕೊಂಡು ಸ್ವರ ಏರುತ್ತೆ. ಅದರಿಂದ ಹೋಗದಿದ್ರೆ ತಲೆ ಹತ್ರ ತಂತಿ ಕೂರೋ ಬಿಳಿ ಪಟ್ಟಿಯ, ಅಂದ್ರೆ ನಟ್‌ನ, ಕಚ್ಚು ಆಳ ಸಾಲದೆ ತಂತಿ ಎತ್ತರದಲ್ಲಿರುತ್ತೆ, ಕಮ್ಮಿ ಬೆಲೆಯ ವಾದ್ಯಗಳಲ್ಲಿ ಇದು ಮಾಮೂಲು. ಹನ್ನೆರಡನೇ ಫ್ರೆಟ್ಟಲ್ಲೂ ಒಂದ್ಸಲ ನೋಡ್ಕೊಳ್ಳಿ, ಅಲ್ಲಿ ಒತ್ತಿದ್ರೆ ಬಿಟ್ಟ ತಂತಿಯ ಅದೇ ಅಕ್ಷರ ಒಂದು ಸ್ಥಾಯಿ ಮೇಲೆ ಬರ್ಬೇಕು; ನಾಲ್ಕರಲ್ಲಿ ಒಂದು ಮಾತ್ರ ತಪ್ಪಾಗಿದ್ರೆ ಆ ತಂತಿದೇ ದೋಷ ಇರಬಹುದು, ಹೊಸ ಸೆಟ್ ಹಾಕಿ, ನಾಲ್ಕೂ ಏರಿದ್ರೆ ಗಿಟಾರ್ ರಿಪೇರಿ ಮಾಡೋರ ಹತ್ರ ತಗೊಂಡು ಹೋಗಿ. ನಟ್ ಉಜ್ಜೋದನ್ನ ಮಾತ್ರ ಮನೇಲಿ ಅರ ಹಿಡಿದು ಮಾಡೋಕೆ ಹೋಗ್ಬೇಡಿ, ಒಂಚೂರು ಜಾಸ್ತಿ ಇಳಿದ್ರೂ ತಂತಿ ಫ್ರೆಟ್ಟಿಗೆ ತಾಗಿ ಝರ್ ಅನ್ನುತ್ತೆ, ಆಗ ನಟ್ಟೇ ಬದಲಾಯಿಸ್ಬೇಕಾಗುತ್ತೆ.