ಪದ್ಮಿನಿಯ ಸ್ಟೇರಿಂಗ್ ಸಡಿಲ: ನಾನು ಬಾಕ್ಸಿನಿಂದ ಶುರುಮಾಡಿ ಕೆಟ್ಟ ಕಥೆ

ನನ್ನ ಬಳಿ ಇರುವುದು 1984ರ ಪ್ರೀಮಿಯರ್ ಪದ್ಮಿನಿ. ಹುಬ್ಬಳ್ಳಿಯ ಹಳಬರು ಇಂದಿಗೂ ಅದನ್ನು ಫಿಯೆಟ್ ಎಂದೇ ಕರೆಯುತ್ತಾರೆ. ವಿನ್ಯಾಸ ಫಿಯೆಟ್ 1100 ಡಿ ಕಾರಿನದೇ ಆದ್ದರಿಂದ ಅದು ತಪ್ಪೂ ಅಲ್ಲ. ಊರೊಳಗೆ ಈ ಕಾರು ಯಾವ ತಕರಾರನ್ನೂ ಮಾಡುತ್ತಿರಲಿಲ್ಲ. ಆದರೆ ಗದಗ ರಸ್ತೆಯಲ್ಲಿ ಅಣ್ಣಿಗೇರಿಯ ಸುತ್ತಿನ ಎರೆಹೊಲಗಳ ಬಯಲಿಗೆ ಬಂದು, ವೇಗ 70 ಕಿಲೋಮೀಟರ್ ದಾಟಿ, ಅಡ್ಡಗಾಳಿಯೂ ಬೀಸಿತೆಂದರೆ ಕಾರು ರಸ್ತೆಯ ಮೇಲೆ ಅಲೆಯತೊಡಗುತ್ತಿತ್ತು. ಸ್ಟೇರಿಂಗ್ ಚಕ್ರವನ್ನು ಮೂರು ಬೆರಳಗಲ ತಿರುಗಿಸುವವರೆಗೆ ಗಾಲಿಗಳಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಮುಟ್ಟಿದ ಮೇಲೆ ಅವು ಬೇಕಾದ್ದಕ್ಕಿಂತ ಹೆಚ್ಚೇ ಹೊರಳುತ್ತಿದ್ದವು.

"ಬಾಕ್ಸ್ ಟೈಟ್ ಮಾಡಿದ್ರ ಮುಗೀತ್ರಿ" ಎಂದು ಕೇಳಿದವರೆಲ್ಲ ಹೇಳಿದರು. ನಾನೂ ನಂಬಿ, ಸ್ಟೇರಿಂಗ್ ಬಾಕ್ಸಿನ (ಚಕ್ರದ ತಿರುವನ್ನು ಗಾಲಿಗಳತ್ತ ಹೋಗುವ ಸರಳುಗಳಿಗೆ ದಾಟಿಸುವ ಪೆಟ್ಟಿಗೆ) ಮೇಲಿನ ಹೊಂದಾಣಿಕೆಯ ಸ್ಕ್ರೂವನ್ನು ಅರ್ಧ ಸುತ್ತು ಬಿಗಿದೆ. ನಿಂತ ಕಾರಿನಲ್ಲಿ ಸಡಿಲ ಬಹುಮಟ್ಟಿಗೆ ಹೋಗಿತ್ತು. ಮರುದಿನ ಬೈಪಾಸ್‌ನಲ್ಲಿ ಒಂದು ತಿರುವು ಮುಗಿಸಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳಲಿಲ್ಲ, ನಾನೇ ಕೈಯಿಂದ ತಳ್ಳಿ ತರಬೇಕಾಯಿತು. ಸಡಿಲ ಸ್ಟೇರಿಂಗಿಗಿಂತ ಇದು ಹೆಚ್ಚು ಭಯ ಹುಟ್ಟಿಸಿತು. ಕಾರು ನೇರವಾಗಿ ಓಡುವುದೇ ಹೆಚ್ಚಾದ್ದರಿಂದ ಬಾಕ್ಸಿನೊಳಗಿನ ವರ್ಮ್, ಅಂದರೆ ಸುರುಳಿ ಹಲ್ಲಿನ ದಂಡ, ನಡುಭಾಗದಲ್ಲಿಯೇ ಹೆಚ್ಚು ಸವೆದಿರುತ್ತದೆ. ಆ ಸವೆದ ಜಾಗಕ್ಕೆ ಸರಿಹೊಂದುವಂತೆ ಬಿಗಿದರೆ ಸವೆಯದ ಎರಡು ಪಕ್ಕಗಳು ಕಚ್ಚಿಕೊಳ್ಳುತ್ತವೆ. ಸ್ಕ್ರೂವನ್ನು ಮೊದಲಿದ್ದಲ್ಲಿಗೇ ತಿರುಗಿಸಿ ಬಿಟ್ಟೆ.

ಮುಂದಿನ ಭಾನುವಾರ ಮಗನನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಚಕ್ರವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಲು ಹೇಳಿದೆ. ಜಾಕ್ ಹಚ್ಚಲಿಲ್ಲ, ಏಕೆಂದರೆ ಗಾಲಿಗಳ ಮೇಲೆ ಭಾರವಿದ್ದಾಗ ಮಾತ್ರ ಕೀಲುಗಳ ನಿಜವಾದ ಸಡಿಲ ಕೈಗೆ ಸಿಗುತ್ತದೆ. ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಅಂಗೈ ಇಡುತ್ತಾ ಹೋದೆ. ಎಡಗಡೆಯ ಹೊರ ಟೈ ರಾಡ್ ಎಂಡ್ (ಗಾಲಿಯನ್ನು ಹೊರಳಿಸುವ ಸರಳಿನ ತುದಿಯ ಕೀಲು) ಆಡುತ್ತಿದ್ದುದು ಕಿವಿಗೆ ಕೇಳುವ ಮೊದಲೇ ಹೆಬ್ಬೆರಳಿಗೆ ತಿಳಿಯಿತು. ಬಾಕ್ಸಿನ ಎದುರು ಬದಿಯಲ್ಲಿ ಸರಳುಗಳಿಗೆ ಆಸರೆಯಾಗಿರುವ ಐಡ್ಲರ್ ಆರ್ಮ್ ಪಕ್ಕಕ್ಕೆ ಸರಿಯುವ ಮುನ್ನ ಒಮ್ಮೆ ಮೇಲಕ್ಕೆದ್ದು ಕೂರುತ್ತಿತ್ತು. ಎಲ್ಲಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಬಾಕ್ಸೇ ಬಾಡಿಯ ಮೇಲೆ ಅಲುಗುತ್ತಿತ್ತು: ಎರಡರ ನಡುವೆ ಧೂಳಿನ ಒಂದು ಕಪ್ಪುಗೆರೆ ಕೂದಲೆಳೆಯಷ್ಟು ತೆರೆದು ಮುಚ್ಚುತ್ತಿತ್ತು. ಬೋಲ್ಟುಗಳು ಸಡಿಲಾಗಿದ್ದ ಬಾಕ್ಸಿನ ಒಳಗನ್ನು ನಾನು ಬಿಗಿಯಲು ಹೊರಟಿದ್ದೆ!

ಆಮೇಲೆ ಮುಂಭಾಗವನ್ನು ಜಾಕ್ ಮೇಲೆತ್ತಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದೆ. ಎರಡೂ ಬದಿಗಳಲ್ಲಿ ಆಟವಿತ್ತು. ಮಗ ಬ್ರೇಕ್ ಒತ್ತಿದಾಗ ಬಲಗಡೆಯದು ಮಾಯವಾಯಿತು, ಅಂದರೆ ಅದು ಬೇರಿಂಗಿನ ಸಡಿಲ. ಎಡಗಡೆಯದು ಬ್ರೇಕ್ ಒತ್ತಿದರೂ ಉಳಿಯಿತು, ಅದು ಕಿಂಗ್‌ಪಿನ್, ಅಂದರೆ ಗಾಲಿ ಎಡಬಲಕ್ಕೆ ಹೊರಳಲು ಆಧಾರವಾದ ನಿಲುವು ಪಿನ್.

ಟೈ ರಾಡ್ ಎಂಡ್ ಅಂಗಡಿಯಲ್ಲಿ ಸಿಕ್ಕಿತು. ಐಡ್ಲರಿನ ಬುಷ್ಷನ್ನು ಗೋಕುಲ ರಸ್ತೆಯ ಒಂದು ಲೇಥ್ ಅಂಗಡಿಯಲ್ಲಿ ಗನ್‌ಮೆಟಲ್‌ನಿಂದ ಮಾಡಿಸಿದೆ. ಕಿಂಗ್‌ಪಿನ್ನಿನ ಹೊಸ ಬುಷ್‌ಗಳನ್ನು ಕೂಡಿಸಿ, ರಂಧ್ರವನ್ನು ಸರಿಯಾದ ಅಳತೆಗೆ ತರುವ ರೀಮರ್ ಹಾಯಿಸಿದ್ದೂ ಅಲ್ಲಿಯೇ. ಕಿಂಗ್‌ಪಿನ್‌ಗೆ ಗ್ರೀಸ್ ಹಾಕುವಾಗ ಗಾಲಿ ನೆಲದಿಂದ ಮೇಲಿರಬೇಕು, ಇಲ್ಲದಿದ್ದರೆ ಭಾರ ಬಿದ್ದ ಮಗ್ಗುಲಿಗೆ ಅದು ಹೋಗುವುದೇ ಇಲ್ಲ. ಬಾಕ್ಸಿನೊಳಗೆ ಯಾರೋ ಹಿಂದೆ ತುಂಬಿಸಿದ್ದ ಗ್ರೀಸ್ ಕಲ್ಲಿನಂತಾಗಿತ್ತು. ಅದನ್ನು ತೊಳೆದು, ಹೊಸ ಸೀಲ್ ಹಾಕಿ, 90 ನಂಬರಿನ ಗೇರ್ ಆಯಿಲ್ ತುಂಬಿದೆ. ಗ್ರೀಸ್ ಒಮ್ಮೆ ಪಕ್ಕಕ್ಕೆ ಸರಿದರೆ ಮತ್ತೆ ಹಲ್ಲಿನ ಮೇಲೆ ಬರುವುದಿಲ್ಲ, ಎಣ್ಣೆ ಬರುತ್ತದೆ.

ಇಷ್ಟಾದ ಮೇಲೆ ಟೋ-ಇನ್ ಅಳತೆ, ಅಂದರೆ ಮುಂದಿನ ಗಾಲಿಗಳು ಎಷ್ಟು ಒಳಮುಖವಾಗಿವೆ ಎಂಬುದು. ಗಾಲಿ ಮೇಲಿರುವಾಗಲೇ ಟೈರಿಗೆ ಸೀಮೆಸುಣ್ಣ ಬಳಿದು, ಅಲುಗದಂತೆ ಹಿಡಿದ ಮೊಳೆಯನ್ನು ತಾಗಿಸಿ ತಿರುಗಿಸಿದರೆ ಸುತ್ತಲೂ ಸಣ್ಣ ಗೆರೆ ಬೀಳುತ್ತದೆ. ಕಾರನ್ನು ಇಳಿಸಿ, ಒಂದೆರಡು ಮಾರು ತಳ್ಳಿ, ಗೆರೆಗಳ ನಡುವಿನ ಅಂತರವನ್ನು ಗಾಲಿಯ ನಡುಮಟ್ಟದಲ್ಲಿ ಮುಂದೊಮ್ಮೆ ಹಿಂದೊಮ್ಮೆ ಅಳೆದೆ. ಮುಂದಿನ ಅಂತರ 4 ಮಿಲಿಮೀಟರ್ ಹೆಚ್ಚಿತ್ತು. ಗಾಲಿಗಳು ಹೊರಮುಖವಾಗಿದ್ದವು, ಹಾಗಿರುವ ಕಾರು ಸಣ್ಣ ಗಾಳಿಗೂ ದಾರಿ ಹುಡುಕುತ್ತದೆ. ಎರಡೂ ಕಡೆಯ ಟೈ ರಾಡ್‌ಗಳನ್ನು ಸಮನಾಗಿ ತಿರುಗಿಸಿ, ಮುಂದಿನ ಅಂತರವೇ 2 ಮಿಲಿಮೀಟರ್ ಕಡಿಮೆ ಇರುವಂತೆ ಮಾಡಿದೆ. ಹಿಂದಿನ ಪಟ್ಟಾ ಸ್ಪ್ರಿಂಗ್‌ಗಳ ತುದಿಯನ್ನು ಬಾಡಿಗೆ ಜೋಡಿಸುವ ಕೊಂಡಿಗಳ (ಶ್ಯಾಕಲ್) ರಬ್ಬರುಗಳನ್ನೂ ಬದಲಿಸಿದೆ, ಏಕೆಂದರೆ ಅವು ಸವೆದರೆ ಹಿಂದಿನ ಆಕ್ಸೆಲ್ ತಾನೇ ಸ್ಟೇರಿಂಗ್ ತಿರುಗಿಸಿದಂತೆ ವರ್ತಿಸುತ್ತದೆ.

ಬಾಕ್ಸಿನ ಸ್ಕ್ರೂವನ್ನು ಕಟ್ಟಕಡೆಗೆ, ಗಾಲಿಗಳನ್ನು ನೇರವಾಗಿಟ್ಟು, ಅರೆಕಾಲು ಸುತ್ತು ಮಾತ್ರ ಬಿಗಿದೆ. ಚಕ್ರದಲ್ಲಿ ಈಗಲೂ ಒಂದು ಬೆರಳಗಲದ ಸಡಿಲವಿದೆ, ಅದನ್ನು ಬೇಕೆಂದೇ ಬಿಟ್ಟಿದ್ದೇನೆ. ಕಳೆದ ವಾರ ಹಾವೇರಿಗೆ ಹೋಗುವಾಗ ಶಿಗ್ಗಾವಿಯ ಆಚೆ 80ರ ವೇಗದಲ್ಲಿ ಒಂದು ಲಾರಿ ದಾಟಿಹೋಯಿತು. ಕಾರು ಒಮ್ಮೆ ಮೈ ಅಲುಗಿಸಿತು, ಆದರೆ ತನ್ನ ಸಾಲು ಬಿಡಲಿಲ್ಲ.